ಗುರುವಾರದ ಹುರಿದ ಹಿಟ್ಟು

ಇನ್ನೊಬ್ಬರ ಮನೆಯ ಸಂಕಟವನ್ನು ಹೇಳಲು ಹೊರಟಿದ್ದೇನೆ. ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಇದನ್ನೆಲ್ಲ ಹೇಳು ಅಂತ ಆ ಮನೆಯವರು ನನಗೆ ಹೇಳಿಲ್ಲ. ಎರಡು ಮೂರು ಸಲ ಬರೆದು ಹರಿದು ಹಾಕಿದ್ದೂ ಉಂಟು. ಹೇಳದೆ ಬಿಟ್ಟರೂ ಏನೋ ತಪ್ಪಿದಂತೆ ಅನ್ನಿಸಿ ಮತ್ತೆ ಕೂತಿದ್ದೇನೆ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಇಡುತ್ತೇನೆ. ಹೆಚ್ಚುಕಡಿಮೆಯಾದರೆ ಅದು ನನ್ನ ಲೋಪ, ಅವರದಲ್ಲ.

ದುಬೈಯಿಂದ ಕೊಲ್ಲಿ ದಾಟಿದರೆ ಸಿಗುವ ಬೂಶೆಹರ್ ಬಂದರಿನ ಮೀನುಗಾರರ ಓಣಿಯಲ್ಲಿ ತಾಯಿಗೆ ದೇಯ್ ಅನ್ನುತ್ತಾರೆ. ಗಂಡುಮಗು ಹುಟ್ಟಿದ ಮೇಲೆ ಹೆಂಗಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ಮಗನ ಹೆಸರೇ ಅವಳ ಹೆಸರು. ಹಾಗೆ ಖಾವರ್ ಎಂಬ ಹೆಂಗಸು ದೇಯ್ ಖಿಜರ್ ಆಗಿ ಮೂವತ್ತೈದು ವರ್ಷವಾಗಿತ್ತು. ಅದರಲ್ಲಿ ಕೊನೆಯ ಆರು ವರ್ಷ ಮನೆಯಲ್ಲಿ ಖಿಜರ್‌ನ ಹೆಸರಷ್ಟೇ ಇತ್ತು, ಖಿಜರ್ ಇರಲಿಲ್ಲ.

ಆರು ವರ್ಷದ ಹಿಂದಿನ ಚಳಿಗಾಲದಲ್ಲಿ ದುಬೈಯಿಂದ ಸರಕು ಹೇರಿಕೊಂಡು ಹೊರಟ ಮರದ ದೋಣಿಯೊಂದು ಬಡಗಣ ಗಾಳಿಗೆ ಸಿಕ್ಕಿ ಒಡೆಯಿತು. ದೋಣಿಯಲ್ಲಿ ಐದು ಜನ. ಮೂವರ ಹೆಣ ದಡಕ್ಕೆ ಬಂತು. ಖಿಜರ್ ಮತ್ತು ಪಕ್ಕದ ಮನೆಯ ಜಬ್ಬಾರ್ ಬರಲಿಲ್ಲ. ಜಬ್ಬಾರ್‌ನ ಹೆಂಡತಿ ಜುಲೈಖಾ ಒಂದು ವರ್ಷ ಕಾದಳು. ಆಮೇಲೆ ಹೆಣವಿಲ್ಲದೆಯೇ ಸಾವಿನ ಕಾರ್ಯ ಮಾಡಿ, ಸತ್ತವರಿಗೆ ಓದುವ ಫಾತಿಹಾ ಪ್ರಾರ್ಥನೆ ಓದಿಸಿ, ಕೆಳಗೆ ಏನೂ ಇಲ್ಲದ ಜಾಗದ ಮೇಲೆ ಗಂಡನ ಹೆಸರಿನ ಕಲ್ಲು ನಿಲ್ಲಿಸಿದಳು. ಆ ದಿನ ಓಣಿಯ ಹೆಂಗಸರೆಲ್ಲ ಜುಲೈಖಾಳ ಮನೆಗೆ ಹೋದರು. ದೇಯ್ ಖಿಜರ್ ಹೋಗಲಿಲ್ಲ.

"ಒಂದೇ ದೋಣಿ ಕಣೇ," ಎಂದು ಸೊಸೆ ಮರ್ಜಾನ್‌ಗೆ ಹೇಳಿದ್ದಳು. "ಜಬ್ಬಾರ್‌ಗೆ ಫಾತಿಹಾ ಓದಿದರೆ ಅದರ ಅರ್ಧ ನನ್ನ ಮಗನ ತಲೆ ಮೇಲೆ ಬೀಳುತ್ತೆ. ನಾನು ಓದಲ್ಲ."

ಆವತ್ತಿನಿಂದ ಜುಲೈಖಾ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಓಣಿಯಲ್ಲಿ ಎದುರಾದರೆ ಮರ್ಜಾನ್‌ಳನ್ನು ಮಾತ್ರ ಮಾತಾಡಿಸುತ್ತಿದ್ದಳು. "ನಿಮ್ಮ ಅತ್ತೆಗೆ ಸಮುದ್ರದ ಜೊತೆ ನೆಂಟಸ್ತಿಕೆ ಇದೆಯಂತಲ್ಲ, ನನ್ನ ಗಂಡನ್ನೂ ಸ್ವಲ್ಪ ವಿಚಾರಿಸೋಕೆ ಹೇಳು," ಅನ್ನುವಳು. ಮರ್ಜಾನ್ ತಲೆ ತಗ್ಗಿಸಿ ಮುಂದೆ ಹೋಗುವಳು.

ಆ ಊರಲ್ಲಿ ಗುರುವಾರ ಮಧ್ಯಾಹ್ನ ಕಳೆದ ಮೇಲೆ ಸತ್ತವರು ತಮ್ಮ ತಮ್ಮ ಮನೆಯ ತಾರಸಿಗೆ ಬಂದು ಕೂರುತ್ತಾರಂತೆ. ಅವರಿಗೆ ತಿನ್ನಲು ಬಾಯಿಲ್ಲ, ವಾಸನೆಯೇ ಊಟ. ಅದಕ್ಕಾಗಿ ಸಾವು ಕಂಡ ಮನೆಯವರು ಬೆಣ್ಣೆಯಲ್ಲಿ ಗೋಧಿಹಿಟ್ಟು ಹುರಿಯುತ್ತಾರೆ. ಹುರಿದದ್ದು ಹಲ್ವ ಆಗಬಹುದು, ಖರ್ಜೂರದ ಮೇಲೆ ಸುರಿದರೆ ರಂಗೀನಕ್ ಆಗಬಹುದು. ತಿಂದವರು ಸತ್ತವರ ಹೆಸರಿಗೆ ಒಂದು ಫಾತಿಹಾ ಓದಿ ಬಾಯಿ ಒರೆಸಿಕೊಳ್ಳುತ್ತಾರೆ. ಆದರೆ ಮೊದಲು ಬೇಕಾದದ್ದು ವಾಸನೆ. ಗುರುವಾರ ಆ ವಾಸನೆ ಒಂದು ಮನೆಯಿಂದ ಹೊಸದಾಗಿ ಎದ್ದರೆ, ಅಲ್ಲಿ ಯಾರೋ ಹೋದರು ಎಂದು ಯಾರೂ ಹೇಳದೆಯೇ ಓಣಿಗೆ ತಿಳಿಯುತ್ತದೆ.

ದೇಯ್ ಖಿಜರ್ ಗುರುವಾರ ಎಂಥ ಸೆಕೆ ಇದ್ದರೂ ಕಿಟಕಿ ಮುಚ್ಚುತ್ತಿದ್ದಳು. ಯಾವ ವಾರವಾದರೂ ಸರಿ, ತನ್ನ ಮನೆಯ ಬಾಣಲೆಯಲ್ಲಿ ಹಿಟ್ಟು ಹುರಿಯಲು ಬಿಡುತ್ತಿರಲಿಲ್ಲ. "ಹುಡುಗ ಎಲ್ಲೋ ದಾರಿ ಹುಡುಕ್ತಾ ಇರ್ತಾನೆ. ಮನೆ ಕಡೆಯಿಂದ ಈ ವಾಸನೆ ಹೋದರೆ, ಓ, ನಾನು ಸತ್ತಿರಬೇಕು ಅಂದುಕೊಂಡು ಸತ್ತವರ ಸಾಲಿನಲ್ಲಿ ಹೋಗಿ ನಿಂತುಬಿಡ್ತಾನೆ. ಅವನು ಮೊದಲಿಂದ್ಲೂ ಹಾಗೇ, ಹೇಳಿದ್ದನ್ನ ಬೇಗ ನಂಬ್ತಾನೆ," ಅನ್ನುವಳು. ಇದನ್ನು ಆಕೆ ನಗುತ್ತಲೇ ಹೇಳುತ್ತಿದ್ದಳು. ಹೇಳಿದ ಮೇಲೆ ಕೈಗಳನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ತಲೆವಸ್ತ್ರದ ಅಂಚು ಕೊಡವುತ್ತಿದ್ದಳು.

ಹಾಗಾಗಿ ಆ ಮನೆಯಲ್ಲಿ ಬೇಸಿಗೆಯ ಸಿಹಿ ಎಂದರೆ ಒಲೆ ಹಚ್ಚದ ರಂಗೀನಕ್. ಮರ್ಜಾನ್‌ಳೇ ಕಂಡುಕೊಂಡ ಉಪಾಯ ಅದು. ಮಾಗಿದ ಖರ್ಜೂರದ ಬೀಜ ತೆಗೆದು, ಆ ಜಾಗಕ್ಕೆ ಅಕ್ರೋಟಿನ ಹೋಳು ತುರುಕಿ, ತಟ್ಟೆಯಲ್ಲಿ ಒತ್ತಾಗಿ ನಿಲ್ಲಿಸಿ, ಮೇಲೆ ನುಣ್ಣಗೆ ಅರೆದ ಎಳ್ಳನ್ನು ಸುರಿದು ದಾಲ್ಚಿನ್ನಿ ಉದುರಿಸಿ ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಬೆಂಕಿಯಿಲ್ಲ, ವಾಸನೆಯಿಲ್ಲ. ಆರು ಬೇಸಿಗೆ ಅದನ್ನೇ ತಿಂದರು. ಚೆನ್ನಾಗಿಯೇ ಇರುತ್ತಿತ್ತು. ಹುರಿದ ಹಿಟ್ಟಿನದರ ಹಾಗೆ ಇರುತ್ತಿರಲಿಲ್ಲ, ಅಷ್ಟೇ.

ಮರ್ಜಾನ್ ಖಿಜರ್‌ನ ಜೊತೆ ಸಂಸಾರ ಮಾಡಿದ್ದು ಹದಿನಾಲ್ಕು ತಿಂಗಳು. ಅವನು ಹೋದ ಮೇಲೆ ಅತ್ತೆಯ ಜೊತೆ ಬಾಳಿದ್ದು ಆರು ವರ್ಷ. ಊರಿನ ವಾಚನಾಲಯದಲ್ಲಿ ಪುಸ್ತಕ ಜೋಡಿಸಿ ಚಹಾ ಮಾಡಿಕೊಡುವ ಕೆಲಸ ಅವಳದು. ಬೊರಾಜ್‌ಜಾನ್‌ನಲ್ಲಿದ್ದ ಅಣ್ಣ ಅಬ್ದುಲ್ ರೆಜಾ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಖರ್ಜೂರ ಬೇಯಿಸುವ ಸೆಕೆ ಎಂದು ಆ ಕಡೆಯವರು ಕರೆಯುವ ದಿನಗಳು ಬಂದಾಗ ಅವನು ಬಸ್ ಡ್ರೈವರ್ ಕೈಯಲ್ಲಿ ಮಾಗಿದ ಕಬ್ಕಾಬ್ ಖರ್ಜೂರದ ಬುಟ್ಟಿ ಕಳಿಸಿದ. ಬುಟ್ಟಿಯ ಹಿಂದೆಯೇ ಫೋನೂ ಬಂತು.

"ಖರ್ಜೂರ ಸಿಕ್ತಾ?"

"ಸಿಕ್ತು ಅಣ್ಣ. ಒಂದೂ ಹುಳಿ ಹಿಡಿದಿಲ್ಲ."

"ಶನಿವಾರ ಬರ್ತೀನಿ. ಮದುವೆ ಕಾಗದ, ಗುರುತಿನ ಚೀಟಿ ಎಲ್ಲ ಎತ್ತಿಡು. ಕೋರ್ಟಿಗೆ ಅರ್ಜಿ ಹಾಕಿ ಬರೋಣ."

"ಸೆಕೆ ಇಳೀಲಿ ಅಣ್ಣ."

"ಹೋದ ಸಲ ಚಳಿ ಹೋಗ್ಲಿ ಅಂದೆ. ನೀನು ಕಾಯ್ತಾ ಇರೋದು ಗಂಡನ್ನಾ, ಹವಾಮಾನವನ್ನಾ? ಗಂಡ ಕಾಣೆಯಾದವಳಿಗೆ ಬಿಡುಗಡೆ ಕೊಡೋಕೆ ಕಾನೂನಿಗೆ ನಾಲ್ಕು ವರ್ಷ ಸಾಕು. ನಿಂಗೆ ಆರು ಸಾಲದಾ?"

"ದೇಯ್‌ಗೆ ನಾನು ಹೇಗೆ ಹೇಳ್ಲಿ?"

"ನೀನು ಹೇಳಬೇಡ. ಕೋರ್ಟು ಹೇಳುತ್ತೆ."

"ಕೋರ್ಟು ಬಂದು ಅವರಿಗೆ ನೀರು ಕುಡಿಸುತ್ತಾ?"

"ನೀನು ಹೆಂಡ್ತೀನೂ ಅಲ್ಲ, ವಿಧವೇನೂ ಅಲ್ಲ. ನಮ್ಮಮ್ಮ ದಿನಾ ಅಳ್ತಾಳೆ. ಅಷ್ಟು ಹೇಳೋಕೇ ಫೋನ್ ಮಾಡಿದೆ," ಎಂದು ಅಣ್ಣ ಫೋನ್ ಇಟ್ಟುಬಿಟ್ಟ.

ಮರ್ಜಾನ್‌ಗೆ ಖಿಜರ್ ಬದುಕಿದ್ದಾನೆ ಎಂಬ ನಂಬಿಕೆ ಯಾವಾಗಲೋ ಹೋಗಿತ್ತು. ಯಾವ ದಿನ ಹೋಯಿತೆಂದು ಅವಳಿಗೂ ಗೊತ್ತಿರಲಿಲ್ಲ. ತೊಳೆದ ಬಟ್ಟೆಯ ಬಣ್ಣ ಹೋದ ಹಾಗೆ ಹೋಗಿತ್ತು. ಆದರೆ ಅವನು ಸತ್ತ ಎಂಬ ಮಾತು ತನ್ನ ಬಾಯಿಂದಾಗಲಿ ಕೈಯಿಂದಾಗಲಿ ಆ ಮನೆಯೊಳಗೆ ಬರಬಾರದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಬೇರೆ ಯಾರಾದರೂ ತಂದರೆ ತರಲಿ. ಸಮುದ್ರವೇ ತರಲಿ.

ಆ ವಾರ ಬಿಸಿಲು ಐವತ್ತು ಡಿಗ್ರಿ ದಾಟಿತೆಂದು ಸರ್ಕಾರ ಕಚೇರಿಗಳಿಗೆ ರಜೆ ಕೊಟ್ಟಿತು. ಮೊದಲು ಒಂದು ದಿನ ಎಂದರು. ಸಂಜೆ ನಾಳೆಯೂ ರಜೆ ಎಂದರು, ಮರುದಿನ ಸಂಜೆ ಮತ್ತೆ ಹಾಗೇ. ವಾಚನಾಲಯವೂ ಮುಚ್ಚಿತು. ಮಧ್ಯಾಹ್ನ ಕರೆಂಟು ಹೋದರೆ ಬರುವುದು ಯಾವಾಗಲೋ. ಮರ್ಜಾನ್‌ಳ ಫೋನು ಆರಿ ಬಿದ್ದಿತ್ತು. ಒದ್ದೆ ಬಟ್ಟೆ ಹೊದ್ದು ಮಲಗುವುದು, ಬಟ್ಟೆ ಒಣಗಿದರೆ ಏಳುವುದು. ಎಲ್ಲ ದಿನಗಳೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು.

ಮೂರು ದಿನದಿಂದ ಮುದುಕಿ ಏನೂ ತಿಂದಿರಲಿಲ್ಲ. ನೀರುಮೊಸರು ಕೊಟ್ಟರೆ ಎರಡು ಗುಟುಕು ಕುಡಿದು ಗೋಡೆ ಕಡೆ ತಿರುಗಿ ಮಲಗುವಳು.

"ಕಲ್ಲಂಗಡಿ ಹೆಚ್ಚಿ ಕೊಡ್ಲಾ ದೇಯ್?"

"ಬೆಚ್ಚಗಿರೋ ಕಲ್ಲಂಗಡೀನ ಕತ್ತೆಗೆ ಹಾಕು."

"ಮೀನಿನ ಸಾರು ಮಾಡ್ಲಾ?"

"ಈ ಸೆಕೇಲಿ ಮೀನು ಸಮುದ್ರದಲ್ಲೇ ಸಾರಾಗಿರುತ್ತೆ. ಒಂದು ಪಾತ್ರೆ ತಗೊಂಡು ಹೋಗು, ಸಾಕು."

ಮರ್ಜಾನ್ ನಕ್ಕಳು. ನಗುವಾಗಲೇ ಅತ್ತೆಯ ಮಣಿಕಟ್ಟು ಎಷ್ಟು ತೆಳ್ಳಗಾಗಿದೆ ಎಂದು ಕಣ್ಣಿಗೆ ಬಿತ್ತು. ಬುಟ್ಟಿಯಿಂದ ಒಂದು ಖರ್ಜೂರ ತಂದು ಮೂಗಿನ ಹತ್ತಿರ ಹಿಡಿದಳು. ಮುದುಕಿ ಕಣ್ಣು ತೆರೆದಳು.

"ಕಬ್ಕಾಬಾ?"

"ಹೂಂ. ಅಣ್ಣ ಕಳಿಸಿದ್ದು."

"ರಂಗೀನಕ್ ಮಾಡು."

"ಈಗಲೇ ಮಾಡ್ತೀನಿ. ಎಳ್ಳು ಅರೆದದ್ದು ಡಬ್ಬೀಲಿ ಇದೆ."

"ಎಳ್ಳು ಬೇಡ. ಆರು ವರ್ಷ ಎಳ್ಳು ತಿಂದು ನಾಲಿಗೆ ಗೋಡೆ ಆಗಿದೆ. ಹಿಟ್ಟು ಹುರಿದು ಮಾಡು. ನಮ್ಮಮ್ಮ ಮಾಡ್ತಿದ್ದ ಹಾಗೆ."

ಮರ್ಜಾನ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಖರ್ಜೂರ ಹಿಡಿದ ಕೈ ಹಾಗೇ ನಿಂತಿತು. ಕಾಯಿಲೆಯವರು ಬಯಸಿ ಕೇಳಿದ್ದನ್ನು ಇಲ್ಲವೆನ್ನಬಾರದು, ಆದರೆ ಕೇಳಿದ್ದು ಇಂಥದ್ದು. ಮನಸ್ಸಿನಲ್ಲೇ ದಿನ ಎಣಿಸಿದಳು. ರಜೆಯ ಮೊದಲ ದಿನ ಸೋಮವಾರ, ಆಮೇಲೆ ಮಂಗಳವಾರ, ಇವತ್ತು ಬುಧವಾರ. ಬುಧವಾರ ಹಿಟ್ಟು ಹುರಿದರೆ ಓಣಿಯವರಿಗೆ ಅದು ಬರಿಯ ಸಿಹಿ. ಮದುವೆಮನೆಯಲ್ಲೂ ಹುರಿಯುತ್ತಾರೆ, ಬಾಣಂತಿಗೂ ಹುರಿಯುತ್ತಾರೆ.

"ನಾಳೆ ಗುರುವಾರ. ಇವತ್ತೇ ಮಾಡಿಬಿಡ್ತೀನಿ ದೇಯ್," ಎಂದಳು.

ಮುದುಕಿ ಮತ್ತೆ ಗೋಡೆ ಕಡೆ ತಿರುಗಿದಳು.

ಎಣಿಕೆಯಲ್ಲಿ ಒಂದು ದಿನ ಎಲ್ಲಿ ಬಿದ್ದುಹೋಯಿತೋ, ಒದ್ದೆ ಬಟ್ಟೆಯ ಕೆಳಗೆ ಮಲಗಿದ ಯಾವ ಮಧ್ಯಾಹ್ನ ಎರಡು ಮಧ್ಯಾಹ್ನಗಳಾಗಿತ್ತೋ, ಮರ್ಜಾನ್‌ಗೆ ಕೊನೆಗೂ ತಿಳಿಯಲಿಲ್ಲ. ಆ ಮನೆಗೆ ಗುರುವಾರ ಬಂತೆಂದು ತಿಳಿಯುತ್ತಿದ್ದದ್ದು ಗೋಡೆಯ ಕ್ಯಾಲೆಂಡರಿನಿಂದಲ್ಲ, ಓಣಿಯ ವಾಸನೆಯಿಂದ. ಅಂದು ಓಣಿಯಲ್ಲಿ ವಾಸನೆಯೇ ಇರಲಿಲ್ಲ. ಫ್ಯಾನಿಲ್ಲದೆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ? ಬಿಸಿಲು ಇಳಿಯಲಿ ಎಂದು ಎಲ್ಲರೂ ಕಾದಿದ್ದರು.

ಮರ್ಜಾನ್ ನೆಲದ ಮೇಲೆ ಕೂತು ಖರ್ಜೂರ ಬಿಡಿಸಿದಳು. ಕಬ್ಕಾಬ್ ಮಾಗಿದಾಗ ಸಿಪ್ಪೆ ಹಣ್ಣಿನಿಂದ ಬಿಟ್ಟು ಮಕ್ಕಳ ಸಡಿಲ ಅಂಗಿಯ ಹಾಗಿರುತ್ತದೆ. ಅದನ್ನು ಎಳೆದು ತೆಗೆದು, ತುದಿಯಲ್ಲಿ ಒತ್ತಿದರೆ ಬೀಜ ತಾನಾಗಿ ಹೊರಗೆ ಬರುತ್ತದೆ. ಅಕ್ರೋಟನ್ನು ನಾಲ್ಕು ಹೋಳು ಮಾಡಿ ಒಂದೊಂದರ ಹೊಟ್ಟೆಗೂ ತುಂಬಿ, ತಟ್ಟೆಯ ಅಂಚಿನಿಂದ ಒಳಗೆ ಸುತ್ತುಸುತ್ತಾಗಿ ನಿಲ್ಲಿಸಿದಳು. ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಹಿಟ್ಟು ಹಾಕಿದಳು. ಸಣ್ಣ ಉರಿ. ಕೈ ಬಿಡಬಾರದು, ಬಿಟ್ಟರೆ ತಳ ಹಿಡಿಯುತ್ತದೆ. ಹಿಟ್ಟು ಮೊದಲು ಗಂಟು ಕಟ್ಟಿತು, ಆಮೇಲೆ ಸಡಿಲಾಯಿತು, ಆಮೇಲೆ ಒದ್ದೆ ಮರಳಿನ ಬಣ್ಣಕ್ಕೆ ಬಂತು. ಬೆವರು ಗಲ್ಲದಿಂದ ಇಳಿದು ಕೊರಳಿಗೆ ಹೋಗುತ್ತಿತ್ತು. ಆಗ ವಾಸನೆ ಎದ್ದಿತು.

ಆರು ವರ್ಷದ ಮೇಲೆ ಆ ವಾಸನೆ. ಅವಳಿಗೆ ನೆನಪಾದದ್ದು ಸಾವಲ್ಲ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಖಿಜರ್ ಬಾಣಲೆಗೇ ಬೆರಳು ಹಾಕಿ ಸುಟ್ಟುಕೊಂಡು, ಮೂರು ದಿನ ಆ ಬೆರಳನ್ನು ಎಲ್ಲರಿಗೂ ತೋರಿಸುತ್ತ ಓಡಾಡಿದ್ದು ನೆನಪಾಯಿತು. "ನೋಡಿ, ನನ್ನ ಹೆಂಡ್ತಿ ಮಾಡಿದ ಗಾಯ," ಅನ್ನುತ್ತಿದ್ದ. ಏಲಕ್ಕಿ, ದಾಲ್ಚಿನ್ನಿ ಪುಡಿ ಬೆರೆಸಿ, ಬಿಸಿ ಹಿಟ್ಟನ್ನು ಖರ್ಜೂರದ ಮೇಲೆ ಚಮಚದಿಂದ ಸುರಿದಳು. ಅದು ಸಂದುಗಳಿಗೆಲ್ಲ ಇಳಿದು ಮೇಲೆ ಸಮವಾಗಿ ನಿಂತಿತು. ಪಿಸ್ತಾದ ತರಿಯನ್ನು ಗೆರೆಗೆರೆಯಾಗಿ ಉದುರಿಸಿದಳು. ಫ್ರಿಜ್ಜು ಸತ್ತಿತ್ತಲ್ಲ, ಅಂಗಳದ ನೆರಳಲ್ಲಿದ್ದ ನೀರಿನ ಹರವಿಯ ಪಕ್ಕ ಗೋಣಿಚೀಲ ಒದ್ದೆ ಮಾಡಿ ಹಾಸಿ, ತಟ್ಟೆಯನ್ನು ಅದರ ಮೇಲಿಟ್ಟು, ಇನ್ನೊಂದು ತಟ್ಟೆ ಮುಚ್ಚಿದಳು.

ಕೈ ತೊಳೆಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು.

ಜುಲೈಖಾ ನಿಂತಿದ್ದಳು. ಐದು ವರ್ಷ ಹೊಸ್ತಿಲು ತುಳಿಯದವಳು ಕರಿ ಚಾದರ ಹೊದ್ದು, ಚಪ್ಪಲಿಯನ್ನೂ ಹಾಕದೆ ಕಾದ ನೆಲದ ಮೇಲೆ ಬಂದುಬಿಟ್ಟಿದ್ದಳು. ಮರ್ಜಾನ್‌ಳನ್ನು ನೋಡಿದವಳೇ ಎಳೆದು ಎದೆಗೆ ಒತ್ತಿಕೊಂಡಳು.

"ಎಲ್ಲಿ ಸಿಕ್ಕಿದ, ಹುಡುಗಿ? ಯಾವ ದಡದಲ್ಲಿ?"

"ಯಾರು?"

"ಅವನೊಬ್ಬನೇನಾ?" ಜುಲೈಖಾಳ ದನಿ ಇಳಿಯಿತು. "ಜೊತೇಲಿ ಇನ್ನೊಬ್ಬರು ಇದ್ರಂತಾ? ಕೈಗೆ ಹಸಿರು ದಾರ ಕಟ್ಟಿತ್ತಾ ಏನಾದ್ರೂ? ಜಬ್ಬಾರ್ ಕಟ್ಟಿಕೊಂಡಿದ್ದ. ಕೇಳು, ಪೋಲೀಸರು ಏನಾದ್ರೂ ಹೇಳಿದ್ರಾ?"

ಮರ್ಜಾನ್‌ಗೆ ಆಗಲೂ ಅರ್ಥವಾಗಲಿಲ್ಲ. ಜುಲೈಖಾಳ ಹಿಂದೆ ಇನ್ನೂ ಮೂವರು ಹೆಂಗಸರು ಒಳಗೆ ಬಂದರು, ಎಲ್ಲರೂ ಕರಿ ಬಟ್ಟೆಯಲ್ಲಿ. ಒಬ್ಬಳ ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಬ್ಬಳ ಕೈಯಲ್ಲಿ ಗಾಜಿನ ಲೋಟಗಳ ತಟ್ಟೆ. ಹೊರಗೆ ಯಾರೋ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು. ತಲೆ ಹೊರಹಾಕಿ ನೋಡಿದಳು. ಓಣಿಯ ಹಿರಿಯ, ಹಿಂದೆ ದೋಣಿ ನಡೆಸುತ್ತಿದ್ದ ನಾಖುದಾ ಹೈದರ್ ಏಣಿ ಹತ್ತಿ ಕರಿ ಬಟ್ಟೆ ಕಟ್ಟುತ್ತಿದ್ದ.

"ನಾಖುದಾ, ಏನು ಮಾಡ್ತಿದ್ದೀರಿ?"

"ನೀನು ಒಳಗೆ ಹೋಗಮ್ಮ. ಇದು ಗಂಡಸರ ಕೆಲಸ. ಆರು ವರ್ಷ ತಡ ಆಯ್ತು, ಮಾಡಿ ಮುಗಿಸ್ತೀವಿ."

ಆಗ ಅವಳಿಗೆ ತನ್ನ ಮೈಯಿಂದಲೇ ಏಳುತ್ತಿದ್ದ ಹುರಿದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು.

"ಇವತ್ತು ಬುಧವಾರ ಅಲ್ವಾ?" ಎಂದಳು.

ಹೆಂಗಸರು ಮುಖ ಮುಖ ನೋಡಿಕೊಂಡರು. ಫ್ಲಾಸ್ಕು ಹಿಡಿದವಳು, "ಅಯ್ಯೋ, ದುಃಖಕ್ಕೆ ತಲೆ ಕೆಟ್ಟಿದೆ ಇದಕ್ಕೆ. ಗುರುವಾರ ಕಣೇ ಮಗಳೇ," ಎಂದಳು.

ಮರ್ಜಾನ್ ಒಳಗೆ ಓಡಿದಳು. ದೇಯ್ ಖಿಜರ್ ಎದ್ದು ಕೂತಿದ್ದಳು. ಯಾರ ಆಸರೆಯೂ ಇಲ್ಲದೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ತಲೆಯ ಮೇಲಿನ ಹಸಿರು ವಸ್ತ್ರ ಸರಿ ಮಾಡಿಕೊಂಡು ಕೂತಿದ್ದಳು. ಮುಚ್ಚಿರಬೇಕಾದ ಕಿಟಕಿ ತೆರೆದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಹೆಗಲಿಗೆ ಮುತ್ತಿಟ್ಟು ಸುತ್ತ ಕೂತರು. ಇನ್ನೂ ನಾಲ್ಕೈದು ಜನ ಬಂದರು. ಹಿರಿಯಳೊಬ್ಬಳು ಎದೆ ಮೇಲೆ ಕೈಯಿಟ್ಟು ಶೋಕದ ಹಾಡಿನ ಮೊದಲ ಎಳೆ ತೆಗೆದಳು. ಸಮುದ್ರಕ್ಕೆ ಹೋದವನೇ ಎಂದು ಅದು ಶುರುವಾಗುತ್ತದೆ.

ಮರ್ಜಾನ್ ಬಾಗಿಲಲ್ಲೇ ನಿಂತಿದ್ದಳು. ಸುಮ್ಮನಿದ್ದರೆ ಹಾಡು ಮುಂದುವರಿಯುತ್ತದೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಶನಿವಾರ ಅಣ್ಣ ಬರುವ ಹೊತ್ತಿಗೆ ಖಿಜರ್ ಸತ್ತಿರುತ್ತಾನೆ. ತನಗೆ ಬಿಡುಗಡೆಯಾಗಿರುತ್ತದೆ, ಯಾರಿಗೂ ಒಂದು ಮಾತು ಹೇಳಬೇಕಿಲ್ಲದೆ. ಆ ಯೋಚನೆ ಬಂದದ್ದು ನಿಜ. ಬಂದಿತ್ತು ಎಂದು ಮುಂದೆ ಅವಳೇ ಒಪ್ಪಿಕೊಂಡಳು.

"ನಿಲ್ಲಿಸಿ," ಎಂದಳು. ಹಾಡು ನಿಲ್ಲಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದಳು. "ನಿಲ್ಲಿಸಿ. ಯಾವ ಸುದ್ದೀನೂ ಬಂದಿಲ್ಲ. ನಂಗೆ ವಾರ ತಪ್ಪಿತು. ದೇಯ್ ಮೂರು ದಿನದಿಂದ ಏನೂ ತಿಂದಿಲ್ಲ, ರಂಗೀನಕ್ ಕೇಳಿದ್ರು, ಮಾಡಿದೆ. ಅಷ್ಟೇ. ಅದು ತಿನ್ನೋಕೆ ಮಾಡಿದ್ದು, ಓದಿಸೋಕಲ್ಲ. ಖಿಜರ್ ಸಿಕ್ಕಿಲ್ಲ. ಯಾರೂ ಸಿಕ್ಕಿಲ್ಲ."

ಹಾಡು ನಿಂತಿತು. ಮೊಳೆಯ ಸದ್ದು ಮಾತ್ರ ಎರಡು ಸಲ ಕೇಳಿ ಅದೂ ನಿಂತಿತು.

ಜುಲೈಖಾ ಎದ್ದು ನಿಂತಳು. ಅವಳ ಮುಖ ನೋಡಲಾಗುತ್ತಿರಲಿಲ್ಲ. ಐದು ವರ್ಷದ ಹಿಂದೆ ಮುಗಿಸಿಬಿಟ್ಟೆ ಎಂದುಕೊಂಡಿದ್ದ ಕಾಯುವಿಕೆ ಅರ್ಧ ಗಂಟೆಯ ಮಟ್ಟಿಗೆ ಮತ್ತೆ ಎದ್ದು ಬಂದಿತ್ತು. ಈಗ ಮತ್ತೆ ಹೂಳಬೇಕಾಗಿತ್ತು.

"ವಾರ ತಪ್ಪಿತಾ?" ಎಂದಳು. "ನಿಮ್ಮ ಮನೇಲಿ ವಾರ ತಪ್ಪಿದ್ರೆ ನಾನು ಬರಿಗಾಲಲ್ಲಿ ಓಡಿ ಬರಬೇಕಾ? ನನ್ನ ಗಂಡನ ಕಾರ್ಯಕ್ಕೆ ಗೋಡೆ ಆಚೆಯಿಂದ ಬರೋಕಾಗದವಳು ಈಕೆ. ನಾನು ಬಂದೆ. ಐದು ವರ್ಷ ಮಾತಾಡದವಳು ಬಂದೆ. ನಾನು ಬಂದದ್ದು ಖಿಜರ್‌ಗೋಸ್ಕರ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ಜಬ್ಬಾರ್ ಮೂಳೆ ಏನಾದ್ರೂ ಸಿಕ್ತೇನೋ ಅಂತ ಬಂದೆ."

ಯಾರೋ "ಸುಮ್ನಿರು ಜುಲೈಖಾ" ಎಂದರು. ಅವಳು ಅಳಲಿಲ್ಲ. ಚಾದರ ಬಿಗಿ ಮಾಡಿಕೊಂಡು ಬಾಗಿಲ ಕಡೆ ತಿರುಗಿದಳು.

"ಕೂತ್ಕೋ," ಎಂದಳು ದೇಯ್ ಖಿಜರ್.

ಆಕೆ ಜುಲೈಖಾಳ ಜೊತೆ ಮಾತಾಡಿ ಐದು ವರ್ಷವಾಗಿತ್ತು.

"ಮರ್ಜಾನ್, ತಟ್ಟೆ ತಗೊಂಡು ಬಾ."

"ದೇಯ್, ಅದು..."

"ತಗೊಂಡು ಬಾ ಅಂದೆ. ಮನೆಗೆ ಬಂದವರನ್ನ ಬರಿಬಾಯಲ್ಲಿ ಕಳಿಸ್ತಾರಾ?"

ಮರ್ಜಾನ್ ಹರವಿಯ ಪಕ್ಕದಿಂದ ತಟ್ಟೆ ಎತ್ತಿದಳು. ತಳ ಸ್ವಲ್ಪ ತಣ್ಣಗಾಗಿತ್ತು, ಮೇಲೆ ಇನ್ನೂ ಬೆಚ್ಚಗಿತ್ತು. ತಂದು ಅತ್ತೆಯ ಮುಂದಿಟ್ಟಾಗ ಹೆಂಗಸರೆಲ್ಲ ತಟ್ಟೆಯನ್ನೇ ನೋಡುತ್ತಿದ್ದರು. ತಿಂದರೆ ಓದಬೇಕು. ಯಾರ ಹೆಸರಿಗೆ ಓದಬೇಕು? ಹೆಸರು ಮನೆಯವರು ಹೇಳಬೇಕು, ಅದು ಪದ್ಧತಿ.

ಮುದುಕಿ ಚಮಚ ತೆಗೆದುಕೊಂಡು ಅಂಚಿನಿಂದ ನಾಲ್ಕು ಖರ್ಜೂರವನ್ನು ಹಿಟ್ಟಿನ ಸಮೇತ ಕಿತ್ತು ಸಣ್ಣ ತಟ್ಟೆಗೆ ಹಾಕಿದಳು. ಸ್ವಲ್ಪ ಪಿಸ್ತಾ ನೆಲಕ್ಕೆ ಉದುರಿತು. ತಟ್ಟೆಯನ್ನು ಜುಲೈಖಾಳ ಕಡೆ ಚಾಚಿದಳು.

"ಜಬ್ಬಾರ್‌ಗೆ ಓದು," ಎಂದಳು.

ಜುಲೈಖಾ ತಟ್ಟೆ ಹಿಡಿಯಲಿಲ್ಲ.

"ಆವತ್ತು ನಾನು ಬರಬೇಕಿತ್ತು. ಬರಲಿಲ್ಲ. ಜಬ್ಬಾರ್ ಒಳ್ಳೆ ಹುಡುಗ. ನಮ್ಮ ತಾರಸಿ ಸೋರಿದಾಗ ಕರೆಯದೇನೇ ಬಂದು ಗಾರೆ ಹಾಕಿದ. ಅವನಿಗೆ ಓದಿ. ಎಲ್ಲರೂ ಓದಿ."

ಮರ್ಜಾನ್ ಇದ್ದಲ್ಲೇ ಕೂತುಬಿಟ್ಟಳು. ಒಂದೇ ದೋಣಿ, ಅವನಿಗೆ ಓದಿದರೆ ಅರ್ಧ ನನ್ನ ಮಗನ ಮೇಲೂ ಬೀಳುತ್ತೆ ಎಂದಿದ್ದವಳು ಇದೇ ಅತ್ತೆ. ಉಳಿದ ಹೆಂಗಸರಿಗೂ ಅದು ಹೊಳೆಯಿತೆಂದು ಕಾಣುತ್ತದೆ. ಖಿಜರ್‌ನ ಹೆಸರನ್ನು ಯಾರೂ ಎತ್ತಲಿಲ್ಲ. ಜುಲೈಖಾ ಮೆಲ್ಲನೆ ಕೂತು ತಟ್ಟೆ ತೆಗೆದುಕೊಂಡು ಒಂದು ಖರ್ಜೂರ ಬಾಯಿಗಿಟ್ಟುಕೊಂಡಳು. ಅಗಿಯುತ್ತಿದ್ದ ಹಾಗೇ ಅವಳಿಗೆ ಅಳು ಬಂತು; ಬಾಯಿ ತುಂಬಿದ್ದರಿಂದ ಸದ್ದು ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ತಿಂದರು, ಅಂಗೈ ತೆರೆದು ಓದಿದರು. ಸೆಕೆಯ ಆ ಕೋಣೆಯಲ್ಲಿ ಸಣ್ಣ ದನಿಗಳು ಒಂದರ ಮೇಲೊಂದು ಬಿದ್ದವು. ದೇಯ್ ಖಿಜರ್ ಅಂಗೈ ತೆರೆಯಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಹೆಂಗಸರು ಹೋಗುವಾಗ ಹೊರಗಿನಿಂದ ನಾಖುದಾ ಹೈದರ್ ಕೂಗಿ ಕೇಳಿದ, "ದೇಯ್ ಖಿಜರ್, ತಪ್ಪಾಯ್ತಂತೆ. ಬಟ್ಟೆ ಬಿಚ್ಚಿಬಿಡ್ಲಾ?"

ಮುದುಕಿ ಕೂತಲ್ಲಿಂದಲೇ ಹೇಳಿದಳು. "ಮೊಳೆ ಹೊಡೆದಾಯ್ತಲ್ಲ, ಇರಲಿ ಬಿಡು. ಬಾಗಿಲಿಗೆ ಬಿಸಿಲು ಬಡಿಯುತ್ತೆ."

ಎಲ್ಲರೂ ಹೋದ ಮೇಲೆ ಆಕೆ ತಟ್ಟೆಯ ನಡುವಿನಿಂದ ಮೂರು ಖರ್ಜೂರ ತಿಂದಳು, ನಿಧಾನವಾಗಿ, ಬೆರಳು ನೆಕ್ಕಿಕೊಂಡು. ನೀರು ಕೇಳಿದಳು. ಮರ್ಜಾನ್ ಲೋಟ ಕೊಟ್ಟು ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು.

"ನಿಮಗೆ ಗೊತ್ತಿತ್ತಾ, ಇವತ್ತು ಗುರುವಾರ ಅಂತ?"

"ದಾಲ್ಚಿನ್ನಿ ಒಂಚೂರು ಜಾಸ್ತಿ ಆಯ್ತು," ಎಂದಳು ದೇಯ್ ಖಿಜರ್.

"ದೇಯ್."

"ನಿಮ್ಮಣ್ಣ ಶನಿವಾರ ಬರ್ತಾನೆ ಅಲ್ವಾ? ನೀನು ಫೋನಲ್ಲಿ ಪಿಸುಗುಟ್ಟಿದ್ದು ನಂಗೆ ಕೇಳಿಸಲ್ಲ ಅಂದ್ಕೊಂಡ್ಯಾ? ಕಣ್ಣು ಮಂಜಾಗಿದೆ, ಕಿವಿ ಇದೆ. ಅವನು ಕರೆದ ಕಡೆ ಹೋಗಿ ಬಾ. ಮದುವೆ ಕಾಗದ ನನ್ನ ಪೆಟ್ಟಿಗೇಲಿ, ಬಿಳಿ ಗಂಟಿನಲ್ಲಿದೆ."

"ನಾನು ಕೇಳಲಿಲ್ಲ ದೇಯ್. ನಾನು ಯಾವತ್ತೂ ಕೇಳಲಿಲ್ಲ."

"ಕೇಳಲಿಲ್ಲ. ಅದೇ ನನ್ನ ಕೊರಳಿಗೆ ಬಿದ್ದಿದ್ದು," ಎಂದಳು ಮುದುಕಿ. "ನೀನು ಒಂದು ಸಲ ಜಗಳ ಆಡಿದ್ರೆ ನಂಗೆ ಸುಲಭ ಆಗ್ತಿತ್ತು."

ಮರ್ಜಾನ್ ಅತ್ತಳು. ಖಿಜರ್ ಕಾಣೆಯಾದ ವರ್ಷ ಅತ್ತದ್ದು ಬಿಟ್ಟರೆ ಅದೇ ಮೊದಲು. ಬಿಡುಗಡೆಯಾಯಿತೆಂದು ಅತ್ತದ್ದಲ್ಲ. ಅವಳು ಮುಂದೆ ನನಗೆ ಹೇಳಿದ್ದು ಇಷ್ಟು: ತನ್ನ ಪಾಲಿನ ಕಾಯುವಿಕೆಯನ್ನೂ ಆ ಮುದುಕಿಯೇ ಹೊತ್ತಿದ್ದಳು, ಅದಕ್ಕೇ ತಾನು ಹಗುರವಾಗಿ ಓಡಾಡಿಕೊಂಡಿದ್ದೆ, ಅಂದು ಆಕೆ ಅದನ್ನು ಕೆಳಗಿಟ್ಟಾಗ ಖಿಜರ್‌ನನ್ನು ಕಾಯುವವರು ಲೋಕದಲ್ಲಿ ಯಾರೂ ಉಳಿಯಲಿಲ್ಲ.

ಶನಿವಾರ ಅಬ್ದುಲ್ ರೆಜಾ ಬಂದ. ಬಾಗಿಲ ಮೇಲಿನ ಕರಿ ಬಟ್ಟೆ ನೋಡಿ ಗಾಬರಿಯಾಗಿ ಮುದುಕಿಯೇ ಹೋದಳೆಂದುಕೊಂಡ. ಒಳಗೆ ಆಕೆ ಕೂತು ಮೀನು ಬಿಡಿಸುತ್ತಿದ್ದಳು. "ಬಾ, ನಿನ್ನ ಖರ್ಜೂರ ಪರವಾಗಿಲ್ಲ," ಎಂದಳು. ಅಣ್ಣ ತಂಗಿ ಕೋರ್ಟಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಅಣ್ಣನ ಜೊತೆ ಊರಿಗೆ ಹೋಗುತ್ತೀಯಾ ಎಂದರೆ ಮರ್ಜಾನ್ ಸೆಕೆ ಇಳಿಯಲಿ ಎಂದಳು. ಈ ಸಲ ಅವನು ಬೈಯಲಿಲ್ಲ.

ನನಗೆ ಗೊತ್ತಿರುವುದು ಇಲ್ಲಿಗೆ ಮುಗಿಯುತ್ತದೆ. ದೋಣಿಯ ಆ ಇಬ್ಬರಿಗೆ ಏನಾಯಿತೆಂದು ಈವರೆಗೆ ಯಾರಿಗೂ ತಿಳಿದಿಲ್ಲ. ಒಂದು ಬಟ್ಟೆಯ ಚೂರೂ ದಡಕ್ಕೆ ಬಂದಿಲ್ಲ. ಅಂದು ಎಲ್ಲರೂ ಜಬ್ಬಾರ್‌ಗೆ ಓದುತ್ತಿದ್ದಾಗ ದೇಯ್ ಖಿಜರ್ ತುಟಿ ಅಲ್ಲಾಡಿಸಿ ಯಾರ ಹೆಸರು ಹೇಳಿಕೊಂಡಳೋ, ಅದು ಫಾತಿಹಾ ಆಗಿತ್ತೋ, ಮಗನಿಗೆ ಹೇಳಿದ ಬೇರೆ ಏನೋ ಮಾತಾಗಿತ್ತೋ, ನನಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತಿದ್ದ ಜುಲೈಖಾಳನ್ನು ಒಮ್ಮೆ ಕೇಳಿದೆ. ನಾನು ಆ ಕಡೆ ನೋಡಲಿಲ್ಲ ಎಂದಳು.